ಎರಡು ಸಲ ಹೂಡಿದ ಒಲೆ

ಅತ್ತಿಗುಪ್ಪೆಯಲ್ಲಿ ನಾನು ಹೂಡಿದ ಮೊದಲ ಒಲೆ ಕೆಟ್ಟದ್ದಕ್ಕೆ ಮೂಲ ಕಾರಣ ನಮ್ಮ ಮನೆಯ ಅಡುಗೆ ಕಟ್ಟೆ. ಐವತ್ತರ ದಶಕದ ಮಾತು. ನನಗೆ ಮದುವೆಯಾಗಿ ಏಳು ತಿಂಗಳಾಗಿತ್ತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ನಿವೇಶನ ಅಳೆದು ನೆಟ್ಟ ಕಲ್ಲುಗಳೇ ಹೆಚ್ಚು. ಅಂಥ ಕಲ್ಲುಗಳ ನಡುವೆ ನಮಗೊಂದು ಪುಟ್ಟ ಬಾಡಿಗೆ ಮನೆ ಸಿಕ್ಕಿತ್ತು. ಅದರ ಅಡುಗೆಮನೆಯಲ್ಲಿ ಸೊಂಟದೆತ್ತರದ ಕಟ್ಟೆ, ನಿಂತುಕೊಂಡೇ ಅಡುಗೆ ಮಾಡಬಹುದು. ನಮ್ಮಮ್ಮನಾಗಲಿ ಅಜ್ಜಿಯಾಗಲಿ ಜನ್ಮದಲ್ಲಿ ನಿಂತು ಒಗ್ಗರಣೆ ಹಾಕಿದವರಲ್ಲ. ನಾನು ಹಾಕುತ್ತಿದ್ದೆ! ಯಾರಾದರೂ ಮನೆಗೆ ಬಂದರೆ ಮೊದಲು ಕಟ್ಟೆ ತೋರಿಸಿ, ಆಮೇಲೆ ಕಾಫಿ ಕೊಡುತ್ತಿದ್ದೆ.

ನಮ್ಮವರು ಕಾರ್ಖಾನೆಯೊಂದರಲ್ಲಿ ತಗಡಿನ ಕೆಲಸ ಮಾಡುವ ಫಿಟ್ಟರ್. ಬೆಳಿಗ್ಗೆ ಅವರು ಸೈಕಲ್ ಹತ್ತಿ ಹೋದರೆ ಸಂಜೆಯವರೆಗೆ ನನಗೆ ಮಾತಿಗೆ ಜನವಿರಲಿಲ್ಲ. ಹಾಗಾಗಿ ಬಡಾವಣೆಯ ಮಹಿಳಾ ಸಮಾಜಕ್ಕೆ ಸೇರಿದೆ. ಸಮಾಜದವರು ಸುತ್ತಲ ಹಳ್ಳಿಗಳಲ್ಲಿ ಹೊಗೆಯಿಲ್ಲದ ಒಲೆ ಹೂಡಿಕೊಡುವ ಸೇವೆ ಶುರು ಮಾಡಿದ್ದರು. ಕೆಸರು ತುಳಿಯುವ ಕೆಲಸವೆಂದು ಕೇಳಿ ಹಲವರು ಹಿಂದೆ ಸರಿದರು. ನನಗೆ ಅದೇ ಖುಷಿಯೆನಿಸಿತು, ಹೆಸರು ಕೊಟ್ಟೆ.

ಆ ಒಲೆಯಲ್ಲಿ ಮಾಯಾಮಂತ್ರವೇನೂ ಇಲ್ಲ. ಮಣ್ಣಿನ ಒಂದು ಉದ್ದನೆಯ ದಿಂಡು, ಅದರ ಮೇಲೆ ಸಾಲಾಗಿ ಮೂರು ಕುಣಿ, ಒಂದೊಂದು ಕುಣಿಗೆ ಒಂದೊಂದು ಪಾತ್ರೆ. ಸೌದೆ ಇಡುವ ಬಾಯಿ ಮೊದಲ ಕುಣಿಯ ಕೆಳಗೆ ಮಾತ್ರ. ಶಾಖ ದಿಂಡಿನೊಳಗಿನ ದಾರಿಯಲ್ಲಿ ಹರಿದು ಉಳಿದೆರಡು ಪಾತ್ರೆಗಳನ್ನೂ ಕಾಯಿಸುತ್ತದೆ. ಹೊಗೆ ಕೊನೆಯಲ್ಲಿ ಮಣ್ಣಿನ ಕೊಳವೆ ಹಿಡಿದು ಹೆಂಚಿನ ಮೇಲಕ್ಕೆ ಹೋಗುತ್ತದೆ. ಪಾತ್ರೆ ಕುಣಿಗೆ ಬಿಗಿಯಾಗಿ ಕೂರಬೇಕು, ಸಂದಿ ಬಿಟ್ಟರೆ ಹೊಗೆ ಅಲ್ಲೇ ನುಗ್ಗುತ್ತದೆ. ಕೆಮ್ಮಣ್ಣು, ಹೊಟ್ಟು, ಸಗಣಿ ಕಲಸಿ ಎರಡು ದಿನ ನೆನೆಸಿ ತುಳಿಯಬೇಕು. ಕಟ್ಟಿದ ಮೇಲೆ ಏಳು ದಿನ ಒಣಗಬೇಕು, ಅವಸರ ಮಾಡಿದರೆ ಬಿರುಕು ಖಂಡಿತ. ಕೊನೆಗೆ ಒಂದು ಪರೀಕ್ಷೆ. ಒಲೆಯ ಬಾಯಿಗೆ ಊದುಬತ್ತಿ ಹಿಡಿದರೆ ಅದರ ಹೊಗೆ ಒಳಕ್ಕೆ ಬಾಗಬೇಕು.

ನನ್ನ ಪಾಲಿಗೆ ಬಂದದ್ದು ಅತ್ತಿಗುಪ್ಪೆ. ಆಗ ಅದು ಅಪ್ಪಟ ಹಳ್ಳಿ. ಮಾಗಡಿ ರಸ್ತೆ ದಾಟಿ ರಾಗಿ ಹೊಲಗಳ ಬದುವಿನ ಮೇಲೆ ಹೋಗಬೇಕು. ಭಾನುವಾರಗಳಲ್ಲಿ ನಮ್ಮವರು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು, ಉಳಿದ ದಿನ ನಡಿಗೆ. ಬದು ಕಿರಿದಾದಲ್ಲೆಲ್ಲ "ಇಳೀತೀಯಾ, ಬೀಳ್ತೀಯಾ?" ಎಂದು ಕೇಳುತ್ತಿದ್ದರು. ಎರಡು ಸಲ ಬಿದ್ದೆ.

ಊರಿನಲ್ಲಿ ಬಾಗಿಲು ತೆರೆದದ್ದು ಒಂದೇ ಮನೆ. ಅಲ್ಲಿ ಅಡುಗೆಮನೆಯ ಒಡೆತನ ಆ ಮನೆಯ ಹಿರಿಯಮ್ಮನದು. ಐವತ್ತೈದರ ಆಸುಪಾಸು, ಹೊಗೆ ತಿಂದು ಕೆಂಪಾದ ಕಣ್ಣು, ಗಟ್ಟಿ ದನಿ. ಒಲೆ ಮುಂದೆ ಕೂರುವ ಸರದಿ ಮಾತ್ರ ಸೊಸೆಯದು. ಆಕೆಯೂ ನನ್ನ ಹಾಗೆ ಹೊಸ ಮದುವಣಗಿತ್ತಿ, ನನಗಿಂತ ಒಂದು ತಿಂಗಳು ಮೊದಲು ಮದುವೆಯಾದವಳು. ಮೂರು ಗುಂಡುಕಲ್ಲಿನ ಒಲೆಯೆದುರು ಕೂತು ಊದುಕೊಳವೆಯಲ್ಲಿ ಊದುತ್ತಾ, ಸೆರಗಿನಲ್ಲಿ ಕಣ್ಣೊರೆಸುತ್ತಾ ಮಾತಾಡುತ್ತಿದ್ದಳು. ಗೂಡಿನಲ್ಲಿ ಬೆಳ್ಳಿಯ ಪುಟ್ಟ ಕಾಡಿಗೆ ಡಬ್ಬಿಯೊಂದಿತ್ತು.

"ಅವ್ವ ಕೊಟ್ಟಿದ್ದು ಅಕ್ಕ," ಎಂದಳು. "ಮದ್ವೆ ದಿನ ಹಚ್ಚಿದ್ದೇ ಕೊನೆ. ಒಲೆ ಮುಂದ್ ಕೂತ್ರೆ ಕಣ್ಣೀರ್ ಜೊತೆ ಗಲ್ಲಕ್ಕೆ ಇಳೀತದೆ. ಭೂತ ಕಂಡಂಗ್ ಕಾಣ್ತೀನಿ ಅಂತ ಇವ್ರು ನಗ್ತಾರೆ."

ನನ್ನ ಡಬ್ಬಿಯ ಕಾಡಿಗೆ ಅಷ್ಟರಲ್ಲಿ ಅರ್ಧ ಮುಗಿದಿತ್ತು. ಆ ಹುಡುಗಿಯ ಕಣ್ಣಿಗೆ ಕಾಡಿಗೆ ನಿಲ್ಲುವಂತೆ ಮಾಡಬೇಕೆಂದು ಅವತ್ತೇ ಮನಸ್ಸಿನಲ್ಲಿ ಹಟ ಹಿಡಿದೆ. ಸಮಾಜದ ಸೇವೆಯೆಲ್ಲ ಆಮೇಲಿನದು.

ಹಿರಿಯಮ್ಮ ಒಪ್ಪಿದ್ದು ಷರತ್ತಿನ ಮೇಲೆ. "ಸಂಕ್ರಾಂತಿ ಕಳೆದ್ ಮ್ಯಾಲೆ ನಮ್ ಕಣ. ಇಪ್ಪತ್ತಾಳು ರಾಗಿ ಬಡಿಯಾಕ್ ಬತ್ತಾರೆ. ಅವತ್ತು ನಿನ್ನೊಲೆ ಅಷ್ಟೂ ಜನಕ್ಕೆ ಮುದ್ದೆ ಕೊಟ್ರೆ ಸೈ. ಇಲ್ದಿದ್ರೆ ನಾನೇ ಹಾರೆ ತಗಂಡು ಕಿತ್ತಾಕ್ತೀನಿ. ಆಮ್ಯಾಕೆ ಈ ಊರಲ್ಲಿ ಒಲೆ ಮಾತು ಎತ್ತಬ್ಯಾಡ."

"ಆಯ್ತಮ್ಮ," ಎಂದೆ. ಒಲೆ ಎಂದ ಮೇಲೆ ಅನ್ನವೇನು, ಮುದ್ದೆಯೇನು ಎಂದುಕೊಂಡೆ. ನಮ್ಮದು ಅನ್ನ ಸಾರಿನ ಮನೆ. ಮುದ್ದೆ ತಿಂದದ್ದೇ ಅಪರೂಪ, ಮಾಡುವುದನ್ನಂತೂ ನೋಡಿರಲೇ ಇಲ್ಲ.

ಹೊಗೆಗೂಡಿಗೆ ಬೇಕಾದ ಮಣ್ಣಿನ ಕೊಳವೆಗಳು ಕೆಂಗೇರಿಯ ಕುಂಬಾರರೊಬ್ಬರ ಹತ್ತಿರ ಸಿಗುತ್ತವೆಂದು ತಿಳಿಯಿತು. ಒಂದು ಭಾನುವಾರ ಇಬ್ಬರೂ ಮೈಸೂರು ರಸ್ತೆಯ ಬಸ್ಸು ಹಿಡಿದೆವು. ಮದುವೆಯಾದ ಮೇಲೆ ನಾವಿಬ್ಬರೇ ಮಾಡಿದ ಮೊದಲ ಪ್ರಯಾಣ ಅದೇ. ನಮ್ಮವರು ಇಸ್ತ್ರಿ ಮಾಡಿದ ಷರಟು ಹಾಕಿದ್ದರು, ನಾನು ಚಿತ್ರಾನ್ನ ಕಟ್ಟಿಕೊಂಡಿದ್ದೆ. ಕೆರೆ ಏರಿಯ ಮೇಲೆ ಕೂತು ತಿಂದು, ಆರು ಕೊಳವೆ ಆರಿಸಿಕೊಂಡು ವಾಪಸು ಬಸ್ಸಿಗೆ ಬಂದರೆ ಕಂಡಕ್ಟರ್ ಟಾಪಿನ ಮೇಲೆ ಹಾಕಿ ಎಂದ. ನಾನು ಒಪ್ಪಲಿಲ್ಲ. ಮೂರು ನನ್ನ ಕಾಲ ಬಳಿ, ಮೂರು ಅವರ ಕಾಲ ಬಳಿ ನಿಲ್ಲಿಸಿಕೊಂಡು ಕೂತೆವು. ಪಕ್ಕದ ಸೀಟಿನ ಹಿರಿಯರೊಬ್ಬರು ಎಲೆಯಡಿಕೆ ಮೆಲ್ಲುತ್ತಿದ್ದವರು ನಿಧಾನಕ್ಕೆ ಬಗ್ಗಿ, ನಮ್ಮವರ ಒಂದು ಕೊಳವೆಯೊಳಕ್ಕೆ ಅಚ್ಚುಕಟ್ಟಾಗಿ ಉಗಿದರು.

"ಏನ್ ಯಜಮಾನ್ರೆ ಇದು!" ಎಂದು ನಮ್ಮವರು ಎದ್ದು ನಿಂತರು. ಕೊಳವೆಗೆ ತಳವಿರಲಿಲ್ಲ. ಉಗಿದದ್ದೆಲ್ಲ ಅವರ ಚಪ್ಪಲಿಯ ಮೇಲಿತ್ತು.

"ತೆಪ್ಪಾಯ್ತು ಸಾಮಿ, ಪೀಕದಾನಿ ಅನ್ಕೊಂಡೆ," ಎಂದರು ಆ ಹಿರಿಯರು. ನಾನು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ಆ ಗಡಿಬಿಡಿಯಲ್ಲಿ ಕೊಳವೆಯೊಂದು ಉರುಳಿ ಸೀಟಿನ ಕಾಲಿಗೆ ತಗುಲಿ ಎರಡು ಹೋಳಾಯಿತು. ಉಳಿದದ್ದು ಐದು. ಐದೇ ಇಟ್ಟರೆ ಹೊಗೆಗೂಡು ಸೂರಿನ ಮಟ್ಟಕ್ಕೆ ನಿಂತುಬಿಡುತ್ತದೆ, ಗಾಳಿ ಬೀಸಿದಾಗ ಹೊಗೆ ತಿರುಗಿ ಒಳಕ್ಕೇ ಬರುತ್ತದೆ. ನಮ್ಮವರು ಎರಡು ದಿನದಲ್ಲಿ ಸೀಮೆಎಣ್ಣೆ ಡಬ್ಬದ ತಗಡು ಬಿಡಿಸಿ, ಸುರುಳಿ ಸುತ್ತಿ, ಅಂಚು ಮಡಿಸಿ, ಆರನೆಯ ಕೊಳವೆ ಮಾಡಿದರು. ಮೇಲೊಂದು ತಗಡಿನ ಟೋಪಿಯನ್ನೂ ಇಟ್ಟರು. ಊರಿನ ಮಕ್ಕಳು ಅದಕ್ಕೆ ಪೊಲೀಸಪ್ಪ ಎಂದು ಹೆಸರಿಟ್ಟವು.

ಇನ್ನು ನನ್ನ ಜಾಣತನದ ವಿಷಯ. ಸಮಾಜದವರು ನಮಗೆ ಕೊಡಿಸಿದ್ದ ತರಬೇತಿಯ ನಕ್ಷೆಯಲ್ಲಿ ಒಲೆ ನೆಲಮಟ್ಟದ್ದು. ನನಗೆ ನಮ್ಮ ಮನೆಯ ಕಟ್ಟೆ ಕಣ್ಣಮುಂದೆ ಬಂತು. ನಾನು ನಿಂತು ಅಡುಗೆ ಮಾಡುವಾಗ ಈ ಹುಡುಗಿ ಮಾತ್ರ ಯಾಕೆ ನೆಲದಲ್ಲಿ ಕೂರಬೇಕು? ಮೊದಲು ಇಟ್ಟಿಗೆಯಲ್ಲಿ ಎರಡೂವರೆ ಅಡಿ ಕಟ್ಟೆ, ಅದರ ಮೇಲೆ ಒಲೆ. ಹಳೆಯ ಮೂರು ಗುಂಡುಗಳು ಅಡ್ಡವಾದವು. "ಇವನ್ನ ಹೊರಗೆ ಹಾಕಿಸಿಬಿಡಿ ಅಮ್ಮ," ಎಂದೆ. ಹಿರಿಯಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಒಂದೊಂದಾಗಿ ಎತ್ತಿ, ಸೆರಗಿನಲ್ಲಿ ಮಸಿ ಒರೆಸಿ, ಹಿತ್ತಲಿಗೆ ತೆಗೆದುಕೊಂಡು ಹೋದರು. ಈ ವಯಸ್ಸಿನಲ್ಲಿ ಅವರಿಗೆ ಯಾರಾದರೂ ಸಹಾಯ ಮಾಡಬಾರದೇ ಎಂದಷ್ಟೇ ನನಗೆ ಅನಿಸಿದ್ದು.

ಒಲೆ ಒಣಗಿತು. ಬಿರುಕಿಲ್ಲ. ಊದುಬತ್ತಿಯ ಹೊಗೆ ಒಳಕ್ಕೆ ಹೇಗೆ ಸೆಳೆಯಿತೆಂದರೆ ನೋಡಲು ಬಂದವರೆಲ್ಲ "ಅಯ್ಯಯ್ಯೋ" ಎಂದರು. ಸೊಸೆ ಒಲೆಗೆ ಸುಣ್ಣದ ಗೆರೆ ಎಳೆದು, ಅರಿಶಿನ ಕುಂಕುಮ ಇಟ್ಟಳು. ಒಂದು ಚೊಂಬು ಹಾಲು ಉಕ್ಕಿಸಿದೆವು. ಮನೆಗೆ ಬರುವಾಗ ಕ್ಯಾರಿಯರ್ ಮೇಲೆ ಕೂತು ದಾರಿಯುದ್ದಕ್ಕೂ ಹಾಡು ಹೇಳಿದೆ. ಆವತ್ತು ಬೀಳಲೂ ಇಲ್ಲ.

ಹದಿನೈದು ದಿನ ಬಿಟ್ಟು, ಯಾರಿಗೂ ಹೇಳದೆ, ಒಲೆ ಹೇಗಿದೆಯೆಂದು ನೋಡಲು ಹೋದೆ. ಬೆಳಗಿನ ಒಂಬತ್ತು ಗಂಟೆ, ಅಡುಗೆಯ ಹೊತ್ತು. ದೂರದಿಂದ ನೋಡಿದರೆ ಪೊಲೀಸಪ್ಪನ ಬಾಯಲ್ಲಿ ಹೊಗೆಯಿಲ್ಲ. ಹಿತ್ತಲಿನ ಕಡೆಯಿಂದ ಮಾತ್ರ ದಟ್ಟವಾಗಿ ಏಳುತ್ತಿದೆ. ಒಳಗೆ ಹೋದೆ. ನನ್ನ ಒಲೆಯ ಮೇಲೆ ಮೊದಲ ಕುಣಿಯಲ್ಲಿ ಕುಂಬಳಕಾಯಿ, ಎರಡನೆಯದರಲ್ಲಿ ಹಾಲಿನ ಗಡಿಗೆ, ಮೂರನೆಯದರಲ್ಲಿ ದೀಪದ ಕಂಬ. ಅಚ್ಚುಕಟ್ಟಾಗಿ ಸಾರಿಸಿ, ರಂಗೋಲಿ ಬಿಟ್ಟಿದ್ದರು. ಒಲೆಯ ಬಾಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಅದು ಬಯ್ಯುವ ಹಾಗೆ ಗುರುಗುಟ್ಟಿತು.

ಹಿತ್ತಲಿನ ಕೊಟ್ಟಿಗೆಯಲ್ಲಿ ಅದೇ ಮೂರು ಗುಂಡು, ಅದೇ ಹೊಗೆ, ಅದೇ ಕಣ್ಣೀರು. ಸೊಸೆ ನನ್ನನ್ನು ಕಂಡವಳೇ ಗಾಬರಿಯಿಂದ ಎದ್ದಳು. "ಅಯ್ಯೋ ಅಕ್ಕ! ಬರ್ತೀನಿ ಅಂತ ಹೇಳಿದ್ರೆ ಅಲ್ಲೇ ಹಚ್ತಿದ್ನಲ್ಲ!"

ನನಗೆ ಅಳು ಬಂತು. ಕೋಪವೂ ಬಂತು, ಯಾರ ಮೇಲೆಂದು ಮಾತ್ರ ಗೊತ್ತಾಗಲಿಲ್ಲ. "ಯಾಕೆ ಹಚ್ಚಲಿಲ್ಲ, ನಿಜ ಹೇಳು," ಎಂದೆ.

ಅವಳು ಅತ್ತೆಯ ಮುಖ ನೋಡಿದಳು. ಹಿರಿಯಮ್ಮ ಕವಲೊಡೆದ ಒಂದು ಕೋಲು ತಂದು ನನ್ನ ಮುಂದೆ ಹಿಡಿದರು. "ಇದು ಕವೆಗೋಲು. ಹಿಟ್ಟು ಬೆಂದ್ ಮ್ಯಾಲೆ ಮುದ್ದೆಕೋಲಲ್ಲಿ ತಿರುವಿ ತೊಳಸ್ಬೇಕಲ್ಲ? ಮಡಕೆ ಕುಣೀತದೆ. ಈ ಕೋಲ್ನ ಮಡಕೆ ಕತ್ತಿಗ್ ಸಿಗಿಸಿ ಎರಡ್ ಕಾಲಲ್ಲೂ ಒತ್ತಿ ಹಿಡ್ಕಂಡು, ಎರಡ್ ಕೈಲೂ ತೊಳಸ್ಬೇಕು. ನೀನ್ ಕಟ್ಟಿರೋ ಎತ್ರಕ್ಕೆ ಕಾಲ್ ಹ್ಯಾಗ್ ಹೋಗ್ತದೆ, ನೀನೇ ಹೇಳವ್ವ. ಗೋಡೆ ಹತ್ತಿ ಕೂರ್ಬೇಕಾ ನನ್ ಸೊಸೆ?"

"ಮೊದಲೇ ಹೇಳಬಾರದಿತ್ತೇ ಅಮ್ಮ?"

"ಬಿಸಿಲಲ್ಲಿ ನಡ್ಕಂಡ್ ಬಂದು ಮಣ್ ತುಳಿದಿದ್ಯಲ್ಲ ಮಗ. ಹ್ಯಾಗ್ ಹೇಳಾದು? ಚೆಂದಾಗಂತೂ ಐತೆ, ದ್ಯಾವ್ರ ಗೂಡಿದ್ದಂಗೆ."

ನನಗೆ ನಂಬಿಕೆ ಬರಲಿಲ್ಲ. ಕಲಿತವಳ ಸೊಕ್ಕು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಸಂಜೆ ಮನೆಯಲ್ಲಿ ನನ್ನ ಪ್ರೀತಿಯ ಕಟ್ಟೆಯ ಮೇಲೆ ಮುದ್ದೆಗಿಟ್ಟೆ. ಎಸರು ಕುದಿಯಿತು, ಹಿಟ್ಟು ಸುರಿದೆ, ಕೋಲು ಹಾಕಿ ತಿರುವಿದೆ. ಪಾತ್ರೆ ಸರಕ್ಕನೆ ತಿರುಗಿತು. ಎಡಗೈಯಲ್ಲಿ ಬಟ್ಟೆ ಸುತ್ತಿ ಹಿಡಿದರೆ ಬಲಗೈಗೆ ಬಲ ಸಾಲದು. ಸ್ಟೂಲು ಹತ್ತಿ ತಿರುವಲು ಹೋದೆ. ಪಾತ್ರೆ ಕಟ್ಟೆಯಿಂದ ಹಾರಿ ನೆಲಕ್ಕೆ ಬಿತ್ತು, ಅದರ ಹಿಂದೆ ಸ್ಟೂಲು, ಸ್ಟೂಲಿನ ಹಿಂದೆ ನಾನು. ಕಾರ್ಖಾನೆಯಿಂದ ಬಂದ ನಮ್ಮವರು ಬಾಗಿಲಲ್ಲೇ ನಿಂತು, ಏಟೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ನಗಬೇಡಿ. ಏನು ಮಾಡಲಿ ಹೇಳಿ."

"ತಗಡು ಬಡಿಯೋವಾಗ ನಾವು ಮೇಜಿನ ಮುಂದೆ ನಿಲ್ಲೋದಿಲ್ಲ ಕಣೇ," ಎಂದರು, ಗೋಡೆಗಂಟಿದ ಹಿಟ್ಟು ಕೆರೆಯುತ್ತಾ. "ನೆಲದ ಮೇಲೆ ಕೂತು ಕಾಲಲ್ಲಿ ಒತ್ತಿ ಹಿಡ್ಕೋತೀವಿ. ಬಲ ಹಾಕೋ ಕೆಲಸ ಎಲ್ಲ ಹಾಗೇನೇ. ನೀನು ಆ ಕೆಲಸ ನೋಡದೇ ಜಾಗ ಕಟ್ಟಿದೀಯ."

ಆ ರಾತ್ರಿ ಉಪ್ಪಿಟ್ಟು ತಿಂದೆವು. ತಿನ್ನುತ್ತಲೇ ತೀರ್ಮಾನ ಮಾಡಿದೆ. ಸಮಾಜದ ಪಟ್ಟಿಯಲ್ಲಿ ಆ ಒಲೆ ಮುಗಿದ ಕೆಲಸ. ಸುಮ್ಮನಿದ್ದರೆ ಯಾರೂ ಕೇಳುವಂತಿರಲಿಲ್ಲ. ಆದರೆ ಕಣದ ದಿನಕ್ಕೆ ಉಳಿದಿದ್ದುದು ಹನ್ನೆರಡು ದಿನ. ಹಿರಿಯಮ್ಮ ಹಾರೆ ತೆಗೆದುಕೊಳ್ಳುವ ಮೊದಲು ನಾನೇ ತೆಗೆದುಕೊಳ್ಳಬೇಕು.

ಮಾರನೆಯ ಬೆಳಿಗ್ಗೆ ಮೊದಲು ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಸಾಗಿಸಿದೆವು. ಆಮೇಲೆ ನನ್ನ ಕೈಯಾರೆ ಒಲೆಯನ್ನೂ ಕಟ್ಟೆಯನ್ನೂ ಒಡೆದೆ. ಮೊದಲ ಏಟು ಹಾಕಲು ಮನಸ್ಸು ಬರಲಿಲ್ಲ, ಆಮೇಲೆ ಹಗುರಾಯಿತು. ಒಡೆದ ಮಣ್ಣನ್ನೇ ಪುಡಿ ಮಾಡಿ ನೆನೆಹಾಕಿದೆ. ಅದು ನೆನೆಯುವ ಎರಡು ದಿನ ಇಟ್ಟಿಗೆ ಮುಟ್ಟದೆ ಹಿತ್ತಲಿನ ಗುಂಡಿನೊಲೆಯ ಮುಂದೆ ಕೂತು ಮುದ್ದೆ ಮಾಡುವುದನ್ನು ಕಲಿತೆ. ಮೊದಲ ದಿನದ್ದು ಗಂಟುಗಂಟು. ಎಮ್ಮೆಯೂ ಮೂಸಿ ನೋಡಿ ಮುಖ ತಿರುಗಿಸಿತು. ಅಂಗಾಲು ಸುಟ್ಟಿತು, ಕಣ್ಣು ಉರಿಯಿತು, ನನ್ನ ಕಾಡಿಗೆಯೂ ಗಲ್ಲಕ್ಕಿಳಿಯಿತು. ಸೊಸೆ ನೋಡಿ ನಕ್ಕಿದ್ದೇ ನಕ್ಕಿದ್ದು. "ಈಗ ಭೂತ ಎರಡಾದ್ವು ಅಕ್ಕ!"

ಎರಡನೆಯ ದಿನ ತೊಳಸುತ್ತಿರುವಾಗಲೇ ವಿಷಯ ಕಾಲಿಗೆ ತಿಳಿಯಿತು. ಒತ್ತುವ ಭಾರವೆಲ್ಲ ಮಡಕೆಯಿಂದ ಕಲ್ಲಿಗೆ ಇಳಿಯುತ್ತಿದೆ. ಕಲ್ಲು ತಡೆದುಕೊಳ್ಳುತ್ತದೆ. ನನ್ನ ಮಣ್ಣಿನ ಕುಣಿಯ ಅಂಚು ನೆಲಮಟ್ಟದಲ್ಲಿದ್ದರೂ ಈ ಒತ್ತಡಕ್ಕೆ ಒಂದು ವಾರವೂ ಬಾಳುವುದಿಲ್ಲ. ಹಾಗಾದರೆ ಭಾರ ಹೊರುವುದು ಕಲ್ಲಾಗಲಿ, ಸಂದಿ ಮುಚ್ಚುವುದು ಮಾತ್ರ ಮಣ್ಣಾಗಲಿ. ಮೂರು ಗುಂಡುಗಳನ್ನೇ ಒಲೆಯೊಳಗೆ ಹೂಡಿದರೆ?

ಹಿರಿಯಮ್ಮನನ್ನು ಕೇಳಿದೆ. "ಅವು ನಮ್ಮತ್ತೆ ಹೂಡಿದ್ ಗುಂಡು," ಎಂದರು ಅವರು. "ನಾನು ಈ ಮನೆಗ್ ಬಂದ್ ದಿನ ಮೊದ್ಲು ಕೈ ಮುಗಿಸಿದ್ದೇ ಅವಕ್ಕೆ. ನೀನು ಹೊರಗಾಕಿ ಅಂದಾಗ ನನ್ನೇ ಹೊರಗಾಕ್ದಂಗಾಯ್ತು ಕಣವ್ವ."

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. "ತಪ್ಪಾಯ್ತಮ್ಮ," ಎಂದೆ. ಅವರು ಎದ್ದು ಹೋಗಿ, ಗುಂಡುಗಳು ಬಿಸಿ ಆರಿವೆಯೇ ಎಂದು ಮುಟ್ಟಿ ನೋಡಿದರು.

ಈ ಸಲ ಒಲೆ ನೆಲಮಟ್ಟದಲ್ಲಿ. ಹೊಗೆಗೂಡಿನ ಕೆಳಗೆ ಮಾತ್ರ ಹಳೆಯ ಕಟ್ಟೆಯ ಇಟ್ಟಿಗೆಯಲ್ಲೇ ಎರಡೂವರೆ ಅಡಿ ಗೂಡು ಕಟ್ಟಿ ಕೊಳವೆಗೆ ಜೋಡಿಸಿದೆವು. ಹಿರಿಯಮ್ಮನೇ ಹಳೆಯ ಜಾಗದಲ್ಲಿ ಮೂರು ಗುಂಡನ್ನೂ ಇಟ್ಟರು, ಗೇಣು ಹಾಕಿ ಅಳೆದರು. ನಮ್ಮವರು ರಜೆ ಹಾಕಿ ಬಂದು ರಸಮಟ್ಟ ಇಟ್ಟು ಸಮವಾಗಿದೆಯೇ ನೋಡಿದರು. ಮನೆಯ ದೊಡ್ಡ ಹಿಟ್ಟಿನ ಮಡಕೆಗೆ ಬೂದಿ ಬಳಿದು ಗುಂಡುಗಳ ಮೇಲೆ ಕೂರಿಸಿ, ಅದರ ಸುತ್ತ ಹಸಿ ಮಣ್ಣು ಮೆತ್ತುತ್ತಾ, ಅಂಟದಂತೆ ಮಡಕೆಯನ್ನು ಆಗಾಗ ತಿರುಗಿಸುತ್ತಾ ಕುಣಿಗೆ ಆಕಾರ ಕೊಟ್ಟೆ. ಹಿಂದಿನ ಎರಡು ಕುಣಿ ಸಾರಿಗೆ, ನೀರಿಗೆ. ಒಲೆಯ ಮುಂದೆ ಕಾಲೂರಲು ಒಂದು ಚಪ್ಪಡಿ ಕಲ್ಲು. ಸೊಸೆ ಕೂತು, ಕಾಲು ಚಾಚಿ, ಕವೆಗೋಲು ಒತ್ತಿ, "ಇನ್ನೊಂದ್ ನಾಕ್ ಬೆಟ್ಟು ಹಿಂದಕ್ಕೆ ಅಕ್ಕ," ಎಂದಳು. ಚಪ್ಪಡಿಯನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದೆವು. ಮೊದಲ ಸಲ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಒಣಗಲು ಏಳು ದಿನ. ಒಂಬತ್ತನೆಯ ದಿನವೇ ಕಣ. ಮೂರನೆಯ ದಿನ ಮೋಡ ಮುಚ್ಚಿ ಥಂಡಿ ಹಿಡಿಯಿತು. ನಾನು ರಾಜಾಜಿನಗರದಲ್ಲಿ ಕೂತು ಆಕಾಶ ನೋಡುತ್ತಾ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮವರು ಅದಕ್ಕೆ ಮಜ್ಜಿಗೆ ಸುರಿದುಕೊಂಡು ತಿಂದರು. ಆರನೆಯ ದಿನ ಬಿಸಿಲು ಬಂತು. ಎಂಟನೆಯ ದಿನ ಒಂದು ಹಿಡಿ ಸೌದೆ ಚಕ್ಕೆ ಹಾಕಿ ಸಣ್ಣ ಬೆಂಕಿ ಮಾಡಿದೆ. ಕೂದಲೆಳೆಯಷ್ಟು ಒಂದು ಬಿರುಕು ಕಂಡಿತು, ಅದಕ್ಕೆ ಸಗಣಿ ಬೂದಿ ಮೆತ್ತಿದೆವು.

ಕಣದ ದಿನ ಬೆಳಕು ಹರಿಯುವಾಗಲೇ ಅತ್ತಿಗುಪ್ಪೆಯಲ್ಲಿದ್ದೆವು. ಹಿರಿಯಮ್ಮ ಹಾರೆಯನ್ನು ಅಡುಗೆಮನೆಯ ಬಾಗಿಲಿಗೆ ಒರಗಿಸಿಟ್ಟಿದ್ದರು. ತಮಾಷೆಗೋ ನಿಜಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ. ಹೊರಗೆ ಒಕ್ಕಣೆಯ ಉರುಳುಗುಂಡು ಎಳೆಯುವ ಎತ್ತುಗಳು ರಾಗಿ ತೆನೆಯ ಮೇಲೆ ಸುತ್ತುತ್ತಿದ್ದವು. ಒಳಗೆ ಸೊಸೆ ಬೆಂಕಿ ಹಚ್ಚಿದಳು. ಹೊಗೆ ಒಂದು ಸಲ ನಮ್ಮ ಕಡೆ ಬಂತು. ನಾನು ಬಾಗಿಲಿನ ಹಾರೆಯ ಕಡೆ ನೋಡಿದೆ. ಮಡಕೆ ಗುಂಡುಗಳ ಮೇಲೆ ಕೂತದ್ದೇ ತಡ, ಹೊಗೆ ಬುಸ್ಸೆಂದು ಒಳಕ್ಕೆ ತಿರುಗಿತು. "ಪೊಲೀಸಪ್ಪ ಬೀಡಿ ಸೇದ್ತಾವ್ನೆ!" ಎಂದು ಹೊರಗೆ ಮಕ್ಕಳು ಕೂಗಿದವು.

ಎಸರು ಕುದಿಯಿತು. ಹಿಟ್ಟು ಬಿತ್ತು, ಬೆಂದಿತು. ಸೊಸೆ ಚಪ್ಪಡಿಯ ಮೇಲೆ ಕಾಲೂರಿ ಕವೆಗೋಲು ಒತ್ತಿದಳು. ನಾನು ಮಣ್ಣಿನ ಅಂಚನ್ನೇ ನೋಡುತ್ತಿದ್ದೆ. ಅವಳು ಎರಡು ಕೈಯಲ್ಲೂ ಕೋಲು ಹಿಡಿದು ಮೈಯೆಲ್ಲ ಬಲ ಹಾಕಿ ತೊಳಸಿದಳು. ಮಡಕೆ ಅಲುಗಲಿಲ್ಲ. ಅಂಚು ಬಿರಿಯಲಿಲ್ಲ. ಹಾಗೆಯೇ ಇನ್ನೆರಡು ಸಲ ಎಸರಿಟ್ಟಳು. ಹಿಂದಿನ ಕುಣಿಯಲ್ಲಿ ಅವರೆಕಾಳಿನ ಸಾರು ತನ್ನ ಪಾಡಿಗೆ ತಾನು ಕುದಿಯುತ್ತಿತ್ತು. ಮರದ ಹಲಗೆಯ ಮೇಲೆ ಮುದ್ದೆಗಳು ಸಾಲುಗಟ್ಟಿದವು. ಅವುಗಳಲ್ಲಿ ಮೂರು ನಾನು ಕಟ್ಟಿದವು, ಸೊಟ್ಟಗಿದ್ದವು. ಅವನ್ನು ಹಿರಿಯಮ್ಮ ಆರಿಸಿ ನಮ್ಮವರ ಎಲೆಗೇ ಹಾಕಿದರು.

ಊಟಕ್ಕೆ ಎಲ್ಲರೂ ಕೂತ ಮೇಲೆ ಸೊಸೆ ಸಾರಿನ ಪಾತ್ರೆ ಹಿಡಿದು ಹೊರಗೆ ಬಂದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆಯೇ ಇದ್ದವಳು. ಹಣೆಯಲ್ಲಿ ಬೆವರಿತ್ತು. ಕಣ್ಣಿನಲ್ಲಿ ಕಾಡಿಗೆ ಇತ್ತು, ಮುಂಜಾನೆ ತೀಡಿದ್ದು, ಗೆರೆ ಕೂಡ ಕದಡಿರಲಿಲ್ಲ. ಹಚ್ಚಿಕೊಂಡಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಒಲೆ ನೋಡುವ ಭರದಲ್ಲಿ ಅವಳ ಮುಖವನ್ನೇ ನೋಡಿರಲಿಲ್ಲ. ಅವಳು ನನ್ನ ಕಡೆ ತಿರುಗಿ ಕಣ್ಣರಳಿಸಿ ತೋರಿಸಿದಳು. ಈ ಸಲ ಕಾಡಿಗೆ ಗಲ್ಲಕ್ಕಿಳಿದದ್ದು ನನ್ನದು.

ಎಲ್ಲರದ್ದೂ ಮುಗಿದ ಮೇಲೆ ಹಿರಿಯಮ್ಮ ಬಾಗಿಲ ಬಳಿಯ ಹಾರೆಯನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿಟ್ಟು ಬಂದರು. "ನಾಳಿಕ್ ಕೆಳಗಿನ್ ಬೀದಿ ನಮ್ಮಕ್ಕನ್ ಮನೇಗ್ ಹೋಗವ್ವ," ಎಂದರು ನನಗೆ. "ಮೊದ್ಲು ಅವ್ರ ಮನೇಲಿ ಒಂದೊತ್ತು ಹಿಟ್ಟು ತೊಳಸು. ಆಮ್ಯಾಕೆ ಮಣ್ ಮುಟ್ಟು."

ಆಮೇಲೆ ಒಲೆಯ ಪಕ್ಕ ಗೋಡೆಗೊರಗಿ ಕೂತರು. ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಹೊರಗಿನವರ ಕಿವಿಗೆ ಬೀಳದಂತೆ, ಆ ಗಟ್ಟಿ ದನಿಯನ್ನು ಅದೆಷ್ಟು ತಗ್ಗಿಸಲು ಸಾಧ್ಯವೋ ಅಷ್ಟು ತಗ್ಗಿಸಿ ಹೇಳಿದರು: "ಆ ಡಬ್ಬಿ ತತ್ತಾ ಇಲ್ಲಿ. ನನ್ ಕಣ್ಗೂ ಒಂಚೂರು ಹಚ್ಚು."